ಗ್ಯಾರೇಜಿನ ಇಲಿಗಳು ಮತ್ತು ಯೋರ್ದಿಸ್ ನೀಲಾಂಡರ್ ಮೇಲೆ ನಾನು ಕೊಟ್ಟ ದೂರು

ಹೆಸರು ಹೆಲ್ಮರ್ ಓಡ್ಲುಂಡ್, ವಯಸ್ಸು 68 ವರ್ಷ, ಕಸುಬು ಮರದ ಕಾರ್ಖಾನೆಯಲ್ಲಿ ಗರಗಸ ಹರಿತ ಮಾಡುವುದು, ಈಗ ನಿವೃತ್ತ, ವಾಸ ಮನೆ ನಂಬರ್ 14, ಗ್ರಾನ್‌ಬೋ ಗ್ರಾಮ, ಹೆಲ್ಸಿಂಗ್‌ಲಾಂಡ್ ಪ್ರಾಂತ್ಯ, ಸ್ವೀಡನ್.

ಮೇಲ್ಕಂಡ ನಾನು ಈ ದಿನ, ದಿನಾಂಕ 9-5-2023, ಮಂಗಳವಾರ ಬೆಳಿಗ್ಗೆ 9.40ಕ್ಕೆ ಲಿಲ್‌ಫೋರ್ಸ್ ಪೊಲೀಸ್ ಠಾಣೆಗೆ ಯಾರ ಒತ್ತಾಯವೂ ಇಲ್ಲದೆ ಬಂದು, ಅಧಿಕಾರಿ ತುವಾ ರೆಂಬರ್ಗ್ ಅವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 24-4-2023ರಂದು ಇದೇ ಠಾಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ನಾನು ಕೊಟ್ಟ ದೂರು ತಪ್ಪು. ಒತ್ತಾಯವಿಲ್ಲ ಎಂದು ಬರೆಯುವಾಗ ಹೆಂಡತಿಯ ಒತ್ತಾಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಅಧಿಕಾರಿಯವರನ್ನು ಕೇಳಿದೆ. ಬರುವುದಿಲ್ಲ ಎಂದರು.

ನನ್ನ ಮತ್ತು ನನ್ನ ಹೆಂಡತಿ ಸಿವ್ ಹೆಸರಿನಲ್ಲಿ 1968ರ ಮಾದರಿಯ, ಕಡುಹಸಿರು ಬಣ್ಣದ ಒಂದು ವೋಲ್ವೊ ಅಮೆಜಾನ್ ಕಾರು ಇದೆ. ಇದು ಸಿವ್‌ಳ ತಂದೆಯದು. ಅವರು ತೀರಿಕೊಂಡ ಮೇಲೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ನಾವಿಬ್ಬರೂ ಸೇರಿ ಆರು ವರ್ಷ ಕೆಲಸ ಮಾಡಿ ಅದನ್ನು ಓಡುವಂತೆ ಮಾಡಿದೆವು. ಎಂಜಿನ್ ನನ್ನ ಕೆಲಸ, ಸೀಟು ಮತ್ತು ಒಳಗಿನ ಬಟ್ಟೆ ಸಿವ್‌ಳ ಕೆಲಸ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಮೊದಲು, ಅಂದರೆ ಪ್ರತಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಕಾರನ್ನು ಮನೆಯಿಂದ 18 ಮೀಟರ್ ದೂರದ ಮರದ ಗ್ಯಾರೇಜಿನಲ್ಲಿ ನಿಲ್ಲಿಸಿ, ಬ್ಯಾಟರಿ ಕಳಚಿ, ಹೊದಿಕೆ ಹಾಕಿ, ಏಪ್ರಿಲ್ ಕೊನೆಯಲ್ಲಿ ಹೊರಗೆ ತೆಗೆಯುತ್ತೇವೆ. ಹೀಗೆ ಹನ್ನೊಂದು ಚಳಿಗಾಲ ಕಳೆದಿದೆ. ಆ ಹನ್ನೊಂದು ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಒಂದು ಇಲಿಯ ಹಿಕ್ಕೆಯನ್ನೂ ನಾನು ಕಂಡಿರಲಿಲ್ಲ. ಅದು ನನ್ನ ಅಚ್ಚುಕಟ್ಟುತನದ ಫಲ ಎಂದು ತಿಳಿದಿದ್ದೆ.

ಯೋರ್ದಿಸ್ ನೀಲಾಂಡರ್, ವಯಸ್ಸು 52, ನಮ್ಮ ಬೇಲಿಯ ಆಚೆ ಮನೆ ನಂಬರ್ 16ರಲ್ಲಿ ಒಬ್ಬಳೇ ಇರುತ್ತಾಳೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ನೆರೆಯವಳು. ನನ್ನ ಬಾಗಿಲಿನಿಂದ ಅವಳ ಬಾಗಿಲಿಗೆ 46 ಮೀಟರ್. 2014ರಿಂದ ನಮ್ಮ ಮನೆಯ ಮತ್ತು ಗ್ಯಾರೇಜಿನ ಒಂದು ಬೀಗದ ಕೈ ಅವಳ ಬಳಿ, ಅವಳ ಮನೆಯದು ನಮ್ಮ ಬಳಿ ಇದೆ. ಅವಳಲ್ಲಿ ಪೆಪ್ಪಾರ್ ಎಂಬ ಬೂದುಬಣ್ಣದ ಗಂಡು ಬೆಕ್ಕು ಇತ್ತು. ಅದು ಹಗಲೆಲ್ಲ ನಮ್ಮ ಗ್ಯಾರೇಜಿನಲ್ಲಿಯೇ ಇರುತ್ತಿತ್ತು.

ದಿನಾಂಕ 11-9-2022, ಭಾನುವಾರ, ಮಧ್ಯಾಹ್ನ 4 ಗಂಟೆಗೆ ಕಾರಿಗೆ ಮೇಣ ಹಚ್ಚುವಾಗ ಬಾನೆಟ್ಟಿನ ಎಡಭಾಗದಲ್ಲಿ 14 ಸೆಂಟಿಮೀಟರ್ ಉದ್ದದ ಉಗುರಿನ ಗೀರು ಕಂಡಿತು. ಕೂಡಲೇ ಯೋರ್ದಿಸ್ ಮನೆಗೆ ಹೋದೆ. ಅವಳು ಮೆಟ್ಟಿಲ ಮೇಲೆ ಕೂತು ಕಾಡಿನಿಂದ ತಂದ ಕೆಂಪು ಲಿಂಗನ್ ಹಣ್ಣು ಆರಿಸುತ್ತಿದ್ದಳು. ಬೆಕ್ಕು ಇನ್ನೊಮ್ಮೆ ನನ್ನ ಗ್ಯಾರೇಜಿಗೆ ಬಂದರೆ ಜೀವಸಹಿತ ಹೊರಗೆ ಹೋಗುವುದಿಲ್ಲ ಎಂದು ಹೇಳಿದೆ. ಅವಳು ಹಣ್ಣಿನ ಬಟ್ಟಲು ಪಕ್ಕಕ್ಕಿಟ್ಟು ಎದ್ದು ನಿಂತಳು. ಆಗ ಅವಳು ಆಡಿದ ಮಾತನ್ನು ಪೂರ್ತಿಯಾಗಿ ಬರೆಸುತ್ತಿದ್ದೇನೆ:

"ಬೆಕ್ಕಿಲ್ಲದ ಗ್ಯಾರೇಜಲ್ಲಿ ಚಳಿಗಾಲ ಕಳೀಲಿ, ಆಮೇಲೆ ವಸಂತದಲ್ಲಿ ನಿನ್ನ ಕಾರು ಏನಾಗಿರುತ್ತೆ ಅಂತ ನೋಡ್ಕೋ."

ಏಪ್ರಿಲ್ 24ರ ದೂರಿನಲ್ಲಿ ನಾನು ಈ ಮಾತಿನ ಮೊದಲ ಅರ್ಧ ಬಿಟ್ಟು, "ವಸಂತದಲ್ಲಿ ನಿನ್ನ ಕಾರು ಏನಾಗಿರುತ್ತೆ ಅಂತ ನೋಡ್ಕೋ" ಎಂದು ಬೆದರಿಸಿದಳೆಂದು ಮಾತ್ರ ಬರೆಸಿದ್ದೆ. ಮರೆತು ಬಿಟ್ಟದ್ದಲ್ಲ. ಬಿಡುವಾಗ ನನಗೆ ಅದು ನೆನಪಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಬೆಕ್ಕು ಕಾಣಿಸದಾಯಿತು. ಯೋರ್ದಿಸ್ ಅದನ್ನು 90 ಕಿಲೋಮೀಟರ್ ದೂರದ ತನ್ನ ತಂಗಿಯ ಮನೆಗೆ ಬಿಟ್ಟುಬಂದಳೆಂದು ಸಿವ್ ಹೇಳಿದಳು. ಒಳ್ಳೆಯದಾಯಿತು ಎಂದೆ. ಅಂದಿನಿಂದ ಯೋರ್ದಿಸ್ ಮತ್ತು ನನ್ನ ನಡುವೆ ಮಾತು ನಿಂತಿತು. ಸಿವ್ ಮಾತ್ರ ಬೇಲಿಯ ಬಳಿ ನಿಂತು ಮಾತಾಡುತ್ತಿದ್ದಳು. ನಾನು ಹೊರಗೆ ಬಂದರೆ ಇಬ್ಬರೂ ದನಿ ತಗ್ಗಿಸುತ್ತಿದ್ದರು.

ದಿನಾಂಕ 2-10-2022, ಭಾನುವಾರ ಕಾರನ್ನು ಎಂದಿನಂತೆ ನಿಲ್ಲಿಸಿದೆ. ಮುನ್ನೆಚ್ಚರಿಕೆಗೆಂದು ಪುದೀನ ಎಣ್ಣೆಯಲ್ಲಿ ಅದ್ದಿದ ನಾಲ್ಕು ಬಟ್ಟೆ ಚೂರುಗಳನ್ನು ಚಕ್ರಗಳ ಬಳಿ ಇಟ್ಟೆ. ಇಲಿಗೆ ಆ ವಾಸನೆ ಆಗುವುದಿಲ್ಲವೆಂದು ಯಾರೋ ಹೇಳಿದ್ದರು. ನವೆಂಬರ್ 5ರಂದು ಹಕ್ಕಿಗಳಿಗೆ ಹಾಕಲು ತಂದ ಸೂರ್ಯಕಾಂತಿ ಬೀಜದ 20 ಕೆಜಿಯ ಎರಡು ಚೀಲಗಳನ್ನು, ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ಸಿವ್ ಗದರಿಸಿದ್ದರಿಂದ, ಗ್ಯಾರೇಜಿನಲ್ಲಿ ಕಾರಿನ ಮುಂದಿನ ಬಲ ಚಕ್ರದಿಂದ 1.4 ಮೀಟರ್ ದೂರದಲ್ಲಿ ನೆಲದ ಮೇಲೆ ಇಟ್ಟೆ. ಚೀಲ ಕಾಗದದ್ದು. ಬೀಜ ತೆಗೆಯಲು ಚಳಿಗಾಲದಲ್ಲಿ ದಿನಕ್ಕೊಮ್ಮೆ ಹೋಗುತ್ತಿದ್ದೆ. ಕಾರಿನ ಹೊದಿಕೆ ಎತ್ತಿ ಒಮ್ಮೆಯೂ ನೋಡಲಿಲ್ಲ.

2023ರ ಫೆಬ್ರವರಿ 11ರಿಂದ 14ರವರೆಗೆ ನಾವಿಬ್ಬರೂ ಸಿವ್‌ಳ ಅಕ್ಕನ ಮನೆಗೆ ಹೋಗಿದ್ದೆವು. 14ರಂದು ಮಧ್ಯಾಹ್ನ 3 ಗಂಟೆಗೆ ಹಿಂತಿರುಗಿದಾಗ ಹಿಮದಲ್ಲಿ ಯೋರ್ದಿಸ್ ಗೇಟಿನಿಂದ ನಮ್ಮ ಗ್ಯಾರೇಜಿನ ಪಕ್ಕದ ಬಾಗಿಲಿನವರೆಗೆ ಹೋಗಿಬಂದ ಹೆಜ್ಜೆ ಗುರುತು ಇತ್ತು. ಬೂಟಿನ ಅಳತೆ ಸಣ್ಣದು. ಬಾಗಿಲಿಗೆ ಒಂದು ಇಟ್ಟಿಗೆ ಒತ್ತಿ ಇಡಲಾಗಿತ್ತು. ನಾನು ಅವಳನ್ನು ಕೇಳಲಿಲ್ಲ. ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ದಿನಾಂಕ 22-4-2023, ಶನಿವಾರ ಬೆಳಿಗ್ಗೆ 9.10ಕ್ಕೆ ಹೊದಿಕೆ ತೆಗೆದು ಬ್ಯಾಟರಿ ಜೋಡಿಸಿದೆ. ಕಾರು ಚಾಲೂ ಆಗಲಿಲ್ಲ. ಹಾರ್ನ್ ಇಲ್ಲ, ಎಡಗಡೆಯ ದೀಪ ಇಲ್ಲ. ಬಾನೆಟ್ ಎತ್ತಿ ನೋಡಿದಾಗ ಮೂರು ಕಡೆ ವೈರು ತುಂಡಾಗಿತ್ತು. ಹಿಂದಿನ ಸೀಟಿನ ಬಟ್ಟೆ, ಸಿವ್ ಒಂದು ಇಡೀ ಚಳಿಗಾಲ ಕೈಯಲ್ಲಿ ಹೊಲಿದದ್ದು, ಒಂದು ಗೇಣಿನಷ್ಟು ಹರಿದು ಒಳಗಿನ ನಾರು ಹೊರಗೆ ಬಂದಿತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇರುವುದು ಮೂವರ ಬಳಿ ಮಾತ್ರ.

ಸಿವ್ ಬಂದು ನೋಡಿದಳು. ಸೀಟಿನ ಹರಿದ ಜಾಗವನ್ನು ಬೆರಳಿನಿಂದ ಮುಟ್ಟಿದಳು. ಮೊದಲು ಟಾರ್ಚು ಹಿಡಿದು ಎಲ್ಲ ಕಡೆ ಸರಿಯಾಗಿ ನೋಡು, ಆಮೇಲೆ ಕೂಗಾಡು ಎಂದಳು. ನೋಡುವುದೇನಿದೆ, ಎದುರಿಗೇ ಇದೆಯಲ್ಲ ಎಂದು ನಾನು ಬೇಲಿಯ ಕಡೆ ಕೈ ತೋರಿಸಿದೆ. 10.35ಕ್ಕೆ ಪೊಲೀಸರಿಗೆ ಫೋನ್ ಮಾಡಿದೆ. 24ರಂದು ಸೋಮವಾರ ಇಲ್ಲಿಗೆ ಬಂದು ದೂರು ಬರೆಸಿದೆ. ಬೆದರಿಕೆ, ಬೀಗದ ಕೈ, ಹೆಜ್ಜೆ ಗುರುತು, ಈ ಮೂರನ್ನೂ ಹೇಳಿದೆ. ಅಧಿಕಾರಿಯವರು, ಇಲಿ ಹೆಗ್ಗಣಗಳ ಕಾಟ ಇದೆಯೇ ಎಂದು ಆ ದಿನವೇ ಕೇಳಿದ್ದರು. ಹನ್ನೊಂದು ವರ್ಷದಿಂದ ಒಂದೂ ಇಲ್ಲ ಎಂದು ನಾನು ಖಂಡಿತವಾಗಿ ಉತ್ತರಿಸಿದ್ದೆ.

26ರಂದು ಬುಧವಾರ ಅಧಿಕಾರಿಯವರು ಯೋರ್ದಿಸ್ ಮನೆಗೆ ಬಂದು 40 ನಿಮಿಷ ಇದ್ದರು. 27ರಂದು ಬೆಳಿಗ್ಗೆ ಅವಳ ವ್ಯಾನು ಹೊರಡಲಿಲ್ಲ. ಮಕ್ಕಳ ಸಾಗಣೆಯ ಗುತ್ತಿಗೆ ಹಿಡಿದವರಿಗೆ ಸುದ್ದಿ ಮುಟ್ಟಿ, ವಿಚಾರ ತೀರ್ಮಾನ ಆಗುವವರೆಗೆ ಮನೆಯಲ್ಲೇ ಇರು ಎಂದರಂತೆ. ಇದನ್ನು ನನಗೆ ಹೇಳಿದವಳು ಸಿವ್. ಹೇಳಿದ ಮೇಲೆ ಎರಡು ಲೋಟ ಇಟ್ಟಿದ್ದ ಮೇಜಿನಿಂದ ಒಂದು ಲೋಟ ತೆಗೆದಿಟ್ಟಳು.

"ನಿನಗೆ ಕಾಫಿ ಬೇಕಿದ್ರೆ ಪೊಲೀಸ್‌ನೋರನ್ನ ಕೇಳು," ಎಂದಳು.

ಆ ವಾರ ನನ್ನ ಕಾಫಿ ನಾನೇ ಮಾಡಿಕೊಂಡೆ. ಯೋರ್ದಿಸ್ ವ್ಯಾನು ಅಂಗಳದಲ್ಲಿ ನಿಂತೇ ಇತ್ತು. ಬೆಳಿಗ್ಗೆ 6.30ಕ್ಕೆ ಅವಳು ಎಂದಿನಂತೆ ಸಮವಸ್ತ್ರದ ಜಾಕೆಟ್ ಹಾಕಿಕೊಂಡು ಹೊರಗೆ ಬಂದು, ವ್ಯಾನಿನ ಗಾಜು ಒರೆಸಿ, ಮತ್ತೆ ಒಳಗೆ ಹೋಗುತ್ತಿದ್ದಳು. ಇದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಮೂರು ದಿನ ನೋಡಿದೆ. ಏಪ್ರಿಲ್ 30ರಂದು ಸಂಜೆ ವಸಂತವನ್ನು ಸ್ವಾಗತಿಸಲು ಊರಿನವರು ಹಾಕುವ ಬೆಂಕಿಗೆ ಎಲ್ಲರೂ ಸೇರಿದಾಗ ಅವಳು ಬರಲಿಲ್ಲ. ಅಂಗಡಿಯ ಹೆಂಗಸು ನನ್ನ ಪಕ್ಕ ನಿಂತು, ಇಂಥವಳ ಕೈಗೆ ಇಷ್ಟು ವರ್ಷ ಮಕ್ಕಳನ್ನು ಕೊಟ್ಟಿದ್ದೆವಲ್ಲ ಎಂದಳು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂಬುದನ್ನೂ ದಾಖಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

ದಿನಾಂಕ 2-5-2023, ಮಂಗಳವಾರ ಬೆಳಿಗ್ಗೆ 10.15ಕ್ಕೆ, ಹಳೆಯ ಕಾರುಗಳ ರಿಪೇರಿ ಮಾಡುವ ಎಸ್ಕಿಲ್ ಬ್ರಾಸ್ಕ್, ವಯಸ್ಸು 61, ನಾನು ಕರೆದಿದ್ದರಿಂದ 12 ಕಿಲೋಮೀಟರ್ ದೂರದಿಂದ ಬಂದ. ತುಂಡಾದ ವೈರಿನ ತುದಿಯನ್ನು ದೀಪಕ್ಕೆ ಹಿಡಿದು ನೋಡಿ, ಕನ್ನಡಕ ಬದಲಾಯಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಮುಂದಿನ ಸೀಟಿಗೆ ಹೋಗಿ ಕಾಲಿನ ಕೆಳಗಿರುವ ಹೀಟರಿನ ಪೆಟ್ಟಿಗೆ ಬಿಚ್ಚತೊಡಗಿದ. ನಾಲ್ಕನೆಯ ಸ್ಕ್ರೂ ಬಿಚ್ಚಿದ ಕೂಡಲೇ ಅದರಿಂದ ಸುಮಾರು ಎರಡು ಬೊಗಸೆಯಷ್ಟು ಸೂರ್ಯಕಾಂತಿ ಬೀಜದ ಸಿಪ್ಪೆ ಅವನ ಮಡಿಲಿಗೆ ಸುರಿಯಿತು. ಹಿಂದೆಯೇ ಒಂದು ಗೂಡು ಬಂತು. ಸೀಟಿನ ನಾರು, ಕಾಗದದ ಚೀಲದ ಚೂರು, ನನ್ನ ಪುದೀನ ಎಣ್ಣೆಯ ಬಟ್ಟೆ, ಎಲ್ಲ ಸೇರಿಸಿ ಕಟ್ಟಿದ ದುಂಡನೆಯ ಗೂಡು. ಬಟ್ಟೆಯನ್ನು ಅವು ಮೆತ್ತೆಗೆ ಉಪಯೋಗಿಸಿದ್ದವು.

"ನಿನ್ನ ಕಳ್ಳಿ ಸಿಕ್ಕಿದ್ಲು ಹೆಲ್ಮರ್," ಎಂದ ಎಸ್ಕಿಲ್. "ಇವಳಿಗೆ ಬಾಲ ಇದೆ."

ವೈರಿನ ತುದಿ ತೋರಿಸಿದ. ಇಕ್ಕಳದಿಂದ ಕತ್ತರಿಸಿದರೆ ಚಪ್ಪಟೆಯಾಗುತ್ತದೆ. ಇಲ್ಲಿ ಒಂದೊಂದು ಮಿಲಿಮೀಟರಿನ ಜೋಡಿ ಗೆರೆಗಳು ಉದ್ದಕ್ಕೂ ಇದ್ದವು. ನಲವತ್ತು ವರ್ಷ ಗರಗಸದ ಹಲ್ಲು ನೋಡಿದವನು ನಾನು. ಹಲ್ಲಿನ ಗುರುತನ್ನು ಹತ್ತು ದಿನ ಕಣ್ಣೆದುರಿಗೆ ಇಟ್ಟುಕೊಂಡು ಗುರುತಿಸಲಿಲ್ಲ. ಬಾಗಿಲ ಕೆಳಗಿನ ಸಂದು ಅಳೆದಾಗ 11 ಮಿಲಿಮೀಟರ್ ಇತ್ತು. ಬೀಜದ ಚೀಲದ ಹಿಂಭಾಗ, ಗೋಡೆಯ ಕಡೆ, ಮೂರು ತೂತು. ಚಳಿಗಾಲವಿಡೀ ಅವುಗಳಿಗೆ ಊಟ ಹಾಕಿದವನು ನಾನೇ.

ಗೂಡಿನೊಳಗೆ ಕಣ್ಣು ಬಿಡದ ಏಳು ಮರಿಗಳಿದ್ದವು. ಒಂದೊಂದೂ ಹುರುಳಿಕಾಯಿಯ ತುಂಡಿನಷ್ಟು. ಎಸ್ಕಿಲ್ ನನ್ನ ಮುಖ ನೋಡಿದ. ಕೊಲ್ಲಲು ನನಗೆ ಮನಸ್ಸಾಗಲಿಲ್ಲ. ಶೂ ಪೆಟ್ಟಿಗೆಯಲ್ಲಿ ಗೂಡನ್ನು ಹಾಗೆಯೇ ಇಟ್ಟು 120 ಮೀಟರ್ ದೂರದ ಕಾಡಂಚಿನ ಸೌದೆ ರಾಶಿಯ ಕೆಳಗೆ ಬಿಟ್ಟುಬಂದೆ. ಮರುದಿನ ಬೆಳಿಗ್ಗೆ ನೋಡಿದಾಗ ಪೆಟ್ಟಿಗೆ ಖಾಲಿ ಇತ್ತು. ತಾಯಿ ಒಯ್ದಿತೋ ನರಿ ಒಯ್ದಿತೋ ತಿಳಿಯದು.

ಸಿವ್ ಹೊರಗೆ ಬಂದು ಸಿಪ್ಪೆಯ ರಾಶಿ ನೋಡಿ ಹೇಳಿದಳು:

"ಜನ ಬೆಟ್ಟ ಅಗೆದು ಇಲಿ ಹಿಡೀತಾರೆ. ನೀನು ಕಾಲಡೀಲಿ ಇಲಿ ಇಟ್ಕೊಂಡು ಬೆಟ್ಟಾನೇ ತಂದು ಆ ಹೆಣ್ಣಿನ ತಲೆ ಮೇಲೆ ಹಾಕ್ದೆ."

ನಾನು ಅಂದೇ ಪೊಲೀಸರಿಗೆ ತಿಳಿಸಲಿಲ್ಲ. ಮರುದಿನ ಬುಧವಾರ 11.20ಕ್ಕೆ ಫೋನ್ ಎತ್ತಿದೆ, ಮೂರನೆಯ ರಿಂಗ್ ಆಗುವಷ್ಟರಲ್ಲಿ ಇಟ್ಟುಬಿಟ್ಟೆ. ಮನಸ್ಸಿನಲ್ಲಿ ಬಂದ ವಿಚಾರ ಇದು: ಸಾಕ್ಷಿ ಸಿಗದೆ ಪೊಲೀಸರು ತಾವಾಗಿಯೇ ಪ್ರಕರಣ ಮುಚ್ಚುತ್ತಾರೆ, ಅವಳು ಮತ್ತೆ ಕೆಲಸಕ್ಕೆ ಹೋಗುತ್ತಾಳೆ, ನಾನು ಊರಿನ ಎದುರು ತಲೆ ತಗ್ಗಿಸಬೇಕಾಗಿಲ್ಲ. ರಾತ್ರಿ ಊಟದ ಹೊತ್ತಿಗೆ ಇದನ್ನು ಸಿವ್‌ಗೆ ಹೇಳಿದೆ. ಅವಳು ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟು, ಸಾಕ್ಷಿ ಸಿಗಲಿಲ್ಲ ಅನ್ನುವುದಕ್ಕೂ ಅವಳು ಮಾಡಲಿಲ್ಲ ಅನ್ನುವುದಕ್ಕೂ ಎಷ್ಟು ಅಂತರವಿದೆ ಎಂದು ಕೇಳಿದಳು. ಅಷ್ಟು ಅಂತರದಲ್ಲಿ ಇಡೀ ಊರು ಹಿಡಿಸುತ್ತದೆ ಎಂದು ಅವಳೇ ಹೇಳಿದಳು.

ದಿನಾಂಕ 4-5-2023, ಗುರುವಾರ ಮಧ್ಯಾಹ್ನ 2.30ಕ್ಕೆ ಯೋರ್ದಿಸ್ ಮನೆಗೆ ನಡೆದು ಹೋದೆ. 46 ಮೀಟರ್ ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ಅವಳು ಅಂಗಳದಲ್ಲಿ ಕರಂಟ್ ಹಣ್ಣಿನ ಪೊದೆಗಳ ಬುಡದ ಮಣ್ಣು ಸಡಿಲಿಸುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಹೀಟರಿನ ಗೂಡು, ಹಲ್ಲಿನ ಗುರುತು, ಬೀಜದ ಚೀಲ, ಮಾತಿನ ಅರ್ಧ ಮಾತ್ರ ಬರೆಸಿದ್ದು. ಅರ್ಧದ ವಿಷಯ ಹೇಳಿದಾಗ ಅವಳ ಕೈ ನಿಂತಿತು. ತಪ್ಪಾಯಿತು ಎಂದೆ.

"ನನ್ನ ಹತ್ರ ಯಾಕೆ ಹೇಳ್ತೀಯ?" ಎಂದಳು. "ನಾನು ಮಾಡಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೋರ ಹತ್ರ ಹೋಗಿ ಹೇಳು."

ಹೇಳುತ್ತೇನೆ ಎಂದೆ. ಫೆಬ್ರವರಿಯ ಹೆಜ್ಜೆ ಗುರುತಿನ ಬಗ್ಗೆ ಕೇಳಬೇಕೋ ಬೇಡವೋ ಎಂದು ನಿಂತಿದ್ದಾಗ ಅವಳೇ ಹೇಳಿದಳು. ಆ ದಿನ ಗಾಳಿಗೆ ನಮ್ಮ ಗ್ಯಾರೇಜಿನ ಪಕ್ಕದ ಬಾಗಿಲು ಬಡಿದುಕೊಳ್ಳುತ್ತಿತ್ತು, ಚಿಲಕ ಸಡಿಲವಾಗಿತ್ತು, ಕಾರಿನ ಮೇಲೆ ಹಿಮ ಬೀಳಬಾರದೆಂದು ಹೋಗಿ ಮುಚ್ಚಿ ಇಟ್ಟಿಗೆ ಇಟ್ಟಳಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾತು ಬಿಟ್ಟವರ ಹತ್ತಿರ ಮಾತಾಡುವುದು ಹೇಗೆ ಎಂದು ಅವಳು ತಿರುಗಿ ಕೇಳಿದಳು.

ಅದೇ ದಿನ 3.05ಕ್ಕೆ ನಾನು ಠಾಣೆಗೆ ಫೋನ್ ಮಾಡಿದೆ. ಅಧಿಕಾರಿ ರೆಂಬರ್ಗ್ ಅವರು ನನ್ನ ಮಾತನ್ನು ಗುರುತು ಹಾಕಿಕೊಂಡು, ಆದರೆ ಗುತ್ತಿಗೆಯವರಿಗೆ ತೋರಿಸಲು ಸಹಿ ಮಾಡಿದ ಹೇಳಿಕೆ ಬೇಕು, ಲಿಲ್‌ಫೋರ್ಸ್ ಠಾಣೆಯಲ್ಲಿ ತಾವು ಇನ್ನು ಸಿಗುವುದು ಮಂಗಳವಾರ ಎಂದರು. ಸುಳ್ಳು ದೂರು ಕೊಟ್ಟದ್ದಕ್ಕೆ ನನಗೆ ಶಿಕ್ಷೆಯಾಗುತ್ತದೆಯೇ ಎಂದು ಕೇಳಿದೆ. ತಪ್ಪು ತಿಳಿದದ್ದು ಬೇರೆ, ಸುಳ್ಳು ಹೇಳಿದ್ದು ಬೇರೆ, ಯಾವುದು ಎಷ್ಟು ಎಂಬುದನ್ನು ನೀವೇ ಬಂದು ಬಿಡಿಸಿ ಹೇಳಿ ಎಂದರು. ಈಗ ಹೇಳುತ್ತಿದ್ದೇನೆ. ಇಲಿಗಳ ವಿಷಯದಲ್ಲಿ ತಪ್ಪು ತಿಳಿದಿದ್ದೆ. ಅರ್ಧ ಮಾತಿನ ವಿಷಯದಲ್ಲಿ ಸುಳ್ಳು ಹೇಳಿದ್ದೆ.

ಶುಕ್ರವಾರ ಅಂಗಡಿಗೆ ಹೋಗಿ, ನಾಲ್ಕು ಜನ ಸಾಲಿನಲ್ಲಿ ನಿಂತಿರುವಾಗ, ಅಂಗಡಿಯ ಹೆಂಗಸಿಗೆ ನಡೆದದ್ದನ್ನೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಅವಳು ಕೆಂಪಾದಳು. ಹಿಂದೆ ನಿಂತಿದ್ದ ಒಬ್ಬರು ನಕ್ಕರು. ಮನೆಗೆ ಬರುವಷ್ಟರಲ್ಲಿ ಮೇಜಿನ ಮೇಲೆ ಎರಡು ಲೋಟ ಇತ್ತು.

ದಿನಾಂಕ 6-5-2023, ಶನಿವಾರ ಬೆಳಿಗ್ಗೆ 10 ಗಂಟೆಗೆ ನಾನು ಗ್ಯಾರೇಜಿನ ಬಾಗಿಲ ಸಂದಿಗೆ ಹಲಗೆ ಹೊಡೆಯುತ್ತಿದ್ದಾಗ ಯೋರ್ದಿಸ್ ಬಂದು ಹೊಸ್ತಿಲ ಬಳಿ ನಿಂತಳು. ಕೈಯಲ್ಲಿ ಒಂದು ದೀಪ, ಒಂದು ಪೆನ್ಸಿಲ್. ನಾನು ಕರೆದಿರಲಿಲ್ಲ. ಸಿವ್ ಕರೆದಿದ್ದಳೇ ಎಂದು ಆಮೇಲೆ ಕೇಳಿದೆ, ಅವಳೂ ಕರೆದಿರಲಿಲ್ಲ.

"ನನಗೆ ಬೇರೆ ಕೆಲಸ ಇಲ್ಲ, ನಿನ್ನ ದಯೆ," ಎಂದಳು ಯೋರ್ದಿಸ್. "ಮರದ ಹಲಗೆ ಹೊಡೀತಿದ್ದೀಯಲ್ಲ, ಇಲಿಗೆ ಅದು ಬಿಸ್ಕತ್ತು. ತಗಡು ಹೊಡಿ."

ಮೂರು ವರ್ಷದ ಹಿಂದೆ ಅವಳ ವ್ಯಾನಿಗೂ ಇಲಿ ಹೊಕ್ಕಿತ್ತಂತೆ. ಪೆನ್ಸಿಲ್ ಹೋಗುವ ತೂತಿನಲ್ಲಿ ಇಲಿಯ ತಲೆ ಹೋಗುತ್ತದೆ, ತಲೆ ಹೋದರೆ ಮೈ ಹೋಗುತ್ತದೆ ಎಂದು ಹೇಳಿ, ಮೊಣಕಾಲೂರಿ ಗೋಡೆಯ ಬುಡದಲ್ಲಿ ಉದ್ದಕ್ಕೂ ಪೆನ್ಸಿಲ್ ಚುಚ್ಚುತ್ತ ಹೋದಳು. ಪೆನ್ಸಿಲ್ ಒಳಗೆ ಹೋದ ಕಡೆಯೆಲ್ಲ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹದಿನೇಳು ತೂತು ಸಿಕ್ಕವು. ನಾನು ನೋಡಿದ್ದು ಎರಡು. ವಿದ್ಯುತ್ ವೈರು ಗೋಡೆಯೊಳಗೆ ಬರುವ ಕಡೆ ಇದ್ದದ್ದು ಹೆಬ್ಬೆರಳು ಹೋಗುವಷ್ಟು ದೊಡ್ಡದು. ಸಣ್ಣ ತೂತುಗಳಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರು ತುರುಕಿ ಸಿಮೆಂಟ್ ಮೆತ್ತಿದೆವು. ದೊಡ್ಡದಕ್ಕೆ ಕಣ್ಣು ಸಣ್ಣದಿರುವ ತಂತಿ ಜಾಲರಿ ಹೊಡೆದೆವು. ಬಾಗಿಲಿನ ಬುಡಕ್ಕೆ ತಗಡಿನ ಪಟ್ಟಿ ಹಾಕಿದ ಮೇಲೆ ಸಂದು 3 ಮಿಲಿಮೀಟರಿಗೆ ಇಳಿಯಿತು. ಬೀಜವನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಸುರಿದು ಮನೆಯ ನೆಲಮಾಳಿಗೆಗೆ ಸಾಗಿಸಿದೆವು. ಗೋಡೆಯ ಉದ್ದಕ್ಕೂ ಆರು ಸ್ಪ್ರಿಂಗ್ ಇಲಿಬೋನು ಇಟ್ಟೆವು. ಬೋನನ್ನು ಗೋಡೆಗೆ ಅಡ್ಡಲಾಗಿ ಇಡಬೇಕು, ಇಲಿ ಗೋಡೆ ಹಿಡಿದೇ ಓಡುತ್ತದೆ, ನೆಲದ ನಡುವೆ ಇಟ್ಟರೆ ನೀನೇ ತುಳಿಯುತ್ತೀಯ ಎಂದಳು. ಕಾರಿನ ಹೊಗೆ ಕೊಳವೆಗೂ ಗಾಳಿ ಹೋಗುವ ಬಾಯಿಗೂ ಉಕ್ಕಿನ ನಾರು ತುರುಕಿ, ಚಾಲೂ ಮಾಡುವ ಮೊದಲು ತೆಗೆಯಬೇಕೆಂದು ನೆನಪಿಗೆ ಸ್ಟೀರಿಂಗಿಗೆ ಕೆಂಪು ದಾರ ಕಟ್ಟಿದಳು. ಮಾತು ಇಷ್ಟೇ, ಇಲಿಗಳದ್ದು.

12.30ಕ್ಕೆ ಸಿವ್ ರೊಟ್ಟಿ, ಹೆರ್ರಿಂಗ್ ಮೀನು ಮತ್ತು ಕಾಫಿ ತಂದಳು. ಮೂವರೂ ತಿರುಗಿಸಿದ ಪೆಟ್ಟಿಗೆಗಳ ಮೇಲೆ ಕೂತು ತಿಂದೆವು. ಬೆಕ್ಕನ್ನು ವಾಪಸು ಕರೆತಂದರೆ ನನ್ನ ಅಡ್ಡಿಯಿಲ್ಲ, ನಾನೇ ಹೋಗಿ ಕರೆತರುತ್ತೇನೆ ಎಂದೆ. ಯೋರ್ದಿಸ್ ಬಾಯಲ್ಲಿದ್ದ ರೊಟ್ಟಿ ನುಂಗಿದಳು. ಆಮೇಲೆ, ಬೇಡ, ಅದು ತಂಗಿಯ ಮನೆಗೆ ಒಗ್ಗಿಕೊಂಡಿದೆ, ಮತ್ತೆ ಕಿತ್ತು ತರುವುದು ಸರಿಯಲ್ಲ ಎಂದಳು. ಕಳೆದ ಸೋಮವಾರ ಸಂಜೆ ಹೋಗಿ ನೋಡಿಬಂದೆ, ನನ್ನನ್ನು ನೋಡಿ ಎದ್ದೂ ಬರಲಿಲ್ಲ ಎಂದೂ ಹೇಳಿದಳು. ಅದನ್ನು ಹೇಳುವಾಗ ಅವಳು ಕಾಫಿ ಲೋಟದೊಳಗೆ ನೋಡುತ್ತಿದ್ದಳು. ಆ ನಷ್ಟ ತುಂಬಿಕೊಡಲು ನನ್ನಿಂದ ಆಗುವುದಿಲ್ಲ.

ಕೆಲಸ 4.20ಕ್ಕೆ ಮುಗಿಯಿತು. ಭಾನುವಾರ ಮತ್ತು ಸೋಮವಾರ ಬೆಳಿಗ್ಗೆ ಬೋನುಗಳನ್ನು ನೋಡಿದೆ. ಭಾನುವಾರ ಒಂದು ಸಿಕ್ಕಿತ್ತು, ಒಳಗೆ ಉಳಿದುಬಿಟ್ಟದ್ದು. ಸೋಮವಾರ ಒಂದೂ ಇರಲಿಲ್ಲ. ಇಲಿ ಓಡಾಟ ತಿಳಿಯಲೆಂದು ನೆಲಕ್ಕೆ ಉದುರಿಸಿದ್ದ ಹಿಟ್ಟಿನ ಮೇಲೆ ಹೆಜ್ಜೆ ಗುರುತೂ ಇರಲಿಲ್ಲ. ಎಸ್ಕಿಲ್ ಹೊಸ ವೈರು ತರಿಸಿದ್ದಾನೆ, ಜೂನ್ ನಡುವಿನೊಳಗೆ ಕಾರು ಓಡುತ್ತದೆ ಎನ್ನುತ್ತಾನೆ. ಸಿವ್ ಸೀಟಿನ ಹೊಲಿಗೆ ಬಿಚ್ಚಿ ಹೊಸ ಬಟ್ಟೆ ಅಳೆಯುತ್ತಿದ್ದಾಳೆ. ಈ ಸಲ ಒಬ್ಬಳೇ ಹೊಲಿಯುವುದಿಲ್ಲ, ಸೂಜಿ ಹಿಡಿಯುವುದು ನೀನೂ ಕಲಿ ಎಂದಿದ್ದಾಳೆ. ಸೋಮವಾರ ಸಂಜೆ ಎಂಟು ಹೊಲಿಗೆ ಹಾಕಿದೆ, ಆರನ್ನು ಬಿಚ್ಚಿದಳು.

ಈ ದಿನ ಬೆಳಿಗ್ಗೆ 8.50ಕ್ಕೆ ನಾನು ಬಸ್ಸಿಗೆ ಹೊರಟಾಗ ಯೋರ್ದಿಸ್ ವ್ಯಾನು ಗೇಟಿನ ಮುಂದೆ ಬಂದು ನಿಂತಿತು. ವ್ಯಾನು ಹತ್ತು ಎಂದಳು. 31 ಕಿಲೋಮೀಟರ್ ದಾರಿ. ಹೊಳೆಯ ಸೇತುವೆ ದಾಟಿದ ಮೇಲೆ ಅವಳು ರಸ್ತೆ ನೋಡುತ್ತಲೇ ಹೇಳಿದಳು:

"ಇನ್ನೊಂದು ಮಾತು ಇದೆ. ಅವತ್ತು ನಿನ್ನ ಕಾರು ಹಾಳಾಗೋಗ್ಲಿ ಅಂತ ನನಗೂ ಮನಸಲ್ಲಿ ಅನ್ಸಿತ್ತು. ಕೈಯಲ್ಲಿ ಮಾಡ್ಲಿಲ್ಲ ಅಷ್ಟೆ. ಬರೆಸೋದಾದ್ರೆ ಅದನ್ನೂ ಬರೆಸು. ನನ್ನ ಬಗ್ಗೆನೂ ಅರ್ಧ ಬೇಡ."

ಅದನ್ನು ಪೊಲೀಸರು ಬರೆದುಕೊಳ್ಳುವುದಿಲ್ಲ ಎಂದೆ. ಕೇಳಿ ನೋಡು ಎಂದಳು. ಅಧಿಕಾರಿಯವರನ್ನು ಕೇಳಿದೆ. ಮನಸ್ಸಿನಲ್ಲಿ ಅನ್ನಿಸಿದ್ದು ಅಪರಾಧವಲ್ಲ, ಆದರೆ ಹೇಳಿಕೆ ನಿಮ್ಮದು, ಬೇಕಿದ್ದರೆ ಇರಲಿ ಎಂದರು. ಆದ್ದರಿಂದ ಬರೆಸಿದ್ದೇನೆ.

ನನ್ನ ಕೋರಿಕೆ ಏನೆಂದರೆ, ಈ ಪ್ರಕರಣವನ್ನು ಸಾಕ್ಷಿ ಸಾಲದೆಂದು ಮುಚ್ಚಬಾರದು. ಅಪರಾಧ ನಡೆದೇ ಇಲ್ಲ, ಯೋರ್ದಿಸ್ ನೀಲಾಂಡರ್ ಯಾವುದನ್ನೂ ಮಾಡಿಲ್ಲ ಎಂದು ಬಿಡಿಸಿ ಬರೆದು ಮುಚ್ಚಬೇಕು. ಇಲಿ ಕಡಿದ ವೈರಿನ ಮೂರು ತುಂಡು, ಗೂಡಿನ ಮತ್ತು ಹೀಟರಿನ ಫೋಟೋ ನಾಲ್ಕು, ಎಸ್ಕಿಲ್ ಬ್ರಾಸ್ಕ್ ಬರೆದುಕೊಟ್ಟ ಚೀಟಿ, ಇವನ್ನು ಹಾಜರುಪಡಿಸಿದ್ದೇನೆ. ಇದರ ಒಂದು ಪ್ರತಿಯನ್ನು ಈಗಲೇ ಅವಳ ಗುತ್ತಿಗೆಯವರಿಗೆ ಕಳಿಸಬೇಕು. ಅಧಿಕಾರಿಯವರು ಈ ಹೇಳಿಕೆಯನ್ನು ಟೈಪ್ ಮಾಡುವ ನಡುವೆಯೇ ಗುತ್ತಿಗೆಯವರಿಗೆ ಫೋನ್ ಮಾಡಿ ಸಾರಾಂಶ ಹೇಳಿದರು. ಫೋನಿನ ಆಚೆ ಏನೆಂದರೋ ನನಗೆ ಕೇಳಿಸಲಿಲ್ಲ. ಅಧಿಕಾರಿಯವರು ಎದ್ದು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಯೋರ್ದಿಸ್ ಹತ್ತಿರ ಬಗ್ಗಿ ಎರಡು ಮಾತು ಹೇಳಿದರು. ಬಾಗಿಲ ಗಾಜಿನಿಂದ ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಎರಡೂ ಕೈಯಿಂದ ಮುಖ ಒರೆಸಿಕೊಂಡು, ಎದ್ದು, ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದುಕೊಂಡಳು.

ಮೇಲೆ ಬರೆದದ್ದನ್ನೆಲ್ಲ ನನಗೆ ಓದಿ ಹೇಳಿದ್ದಾರೆ. ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಎಲ್ಲ ಇದರಲ್ಲಿದೆ, ನನ್ನ ತಿಳಿವಳಿಕೆಗೆ ನಿಜವಿದೆ. ನಾಳೆ ಬೆಳಿಗ್ಗೆ 6.50ಕ್ಕೆ ಯೋರ್ದಿಸ್ ಮೊದಲ ಮಗುವನ್ನು ಹತ್ತಿಸಿಕೊಳ್ಳಬೇಕಾಗಿರುವುದರಿಂದ, ಅದಕ್ಕೂ ಮೊದಲು ವ್ಯಾನು ತೊಳೆಯಲು ನಾನು ಕೈ ಜೋಡಿಸುತ್ತೇನೆಂದು ಹೇಳಿರುವುದರಿಂದ, ಹೇಳಿಕೆಯನ್ನು ಇಲ್ಲಿಗೆ ಮುಗಿಸಿ ಸಹಿ ಮಾಡಿದ್ದೇನೆ.

ಸ್ಥಳ: ಲಿಲ್‌ಫೋರ್ಸ್ ಪೊಲೀಸ್ ಠಾಣೆ
ದಿನಾಂಕ: 9-5-2023, ಬೆಳಿಗ್ಗೆ 11.25

ಹೇಳಿಕೆ ಕೊಟ್ಟವರ ಸಹಿ: ಹೆಲ್ಮರ್ ಓಡ್ಲುಂಡ್
ನನ್ನ ಮುಂದೆ ಬರೆಸಿ ಸಹಿ ಮಾಡಿದ್ದು: ತುವಾ ರೆಂಬರ್ಗ್, ಪೊಲೀಸ್ ಅಧಿಕಾರಿ